ಟೆಸ್ಟ್ ಕೆಂಪಾದಾಗ: ರೂಬಿಯಲ್ಲಿ ಫೇಲಾದ ಯೂನಿಟ್ ಟೆಸ್ಟ್‌ನ ಬೇರು ಹುಡುಕುವ ಬಗೆ

ಕೋಡ್‌ನ ಒಂದು ಸಣ್ಣ ಭಾಗ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ ಯೂನಿಟ್ ಟೆಸ್ಟ್. ಅದು ಫೇಲಾದ ತಕ್ಷಣ ಕೈ ಹೋಗುವುದು ಕೋಡ್ ಕಡೆಗೆ. ಎರಡು ಸಾಲು ಬದಲಿಸುವುದು, ಮತ್ತೆ ಓಡಿಸುವುದು, ಇನ್ನೂ ಕೆಂಪು ಬಂದರೆ ಇನ್ನೆರಡು ಸಾಲು. ಅರ್ಧ ಗಂಟೆಯಲ್ಲಿ ಮೂಲ ತಪ್ಪಿನ ಮೇಲೆ ನಾಲ್ಕು ಹೊಸ ತಪ್ಪು ಕೂತಿರುತ್ತವೆ, ಯಾವುದನ್ನು ಯಾಕೆ ಬದಲಿಸಿದ್ದು ಎನ್ನುವುದೂ ಮರೆತುಹೋಗಿರುತ್ತದೆ. ಫೇಲಾದ ಟೆಸ್ಟ್ ಹೇಳುವುದು ಒಂದೇ ಮಾತು: ಎರಡು ಲೆಕ್ಕ ತಾಳೆಯಾಗುತ್ತಿಲ್ಲ. ತಪ್ಪು ಕೋಡ್‌ನದೋ, ಟೆಸ್ಟ್‌ನದೋ, ಅವೆರಡೂ ಓಡುತ್ತಿರುವ ಮಷೀನಿನದೋ ಎಂದು ಅದು ಹೇಳುವುದಿಲ್ಲ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸದಿರುವುದೇ ಡಿಬಗ್ಗಿಂಗ್‌ನ ಅರ್ಧ ಕೆಲಸ.

ಇಲ್ಲಿನ ವಿವರಗಳು ಮುಖ್ಯವಾಗಿ ರೂಬಿಯ ಟೆಸ್ಟ್ ಲೈಬ್ರರಿಯಾದ ಮಿನಿಟೆಸ್ಟ್‌ಗೆ ಸಂಬಂಧಿಸಿದವು. ರೂಬಿಯ ವೆಬ್ ಫ್ರೇಮ್‌ವರ್ಕ್ ರೇಲ್ಸ್ ಜೊತೆ ಡಿಫಾಲ್ಟಾಗಿ ಬರುವುದು ಅದೇ. ಆರ್‌ಸ್ಪೆಕ್ ಎಂಬ ಇನ್ನೊಂದು ಟೆಸ್ಟ್ ಲೈಬ್ರರಿ ಬೇರೆ ರೀತಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದೆ. ಕಮ್ಯಾಂಡ್, ಮೆಥಡ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಉದಾಹರಣೆಯ ‘ಮೊತ್ತ’, ‘ದರ’ ಮಾತ್ರ ಕನ್ನಡದಲ್ಲೇ ಇರಲಿ. ರೂಬಿ ವೇರಿಯಬಲ್‌ಗೂ ಮೆಥಡ್‌ಗೂ ಕನ್ನಡ ಹೆಸರನ್ನು ತಕರಾರಿಲ್ಲದೆ ಒಪ್ಪುತ್ತದೆ. ಕ್ಲಾಸ್ ಹೆಸರು ಮಾತ್ರ ದೊಡ್ಡಕ್ಷರದಿಂದ ಶುರುವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಾದ್ದರಿಂದ ಅಲ್ಲಿ ನಡೆಯುವುದಿಲ್ಲ.

## ಮೊದಲು ಸಂದೇಶ ಪೂರ್ತಿ ಓದಿ

ಮಿನಿಟೆಸ್ಟ್ ಪ್ರತಿ ಟೆಸ್ಟ್‌ಗೂ ಒಂದೊಂದು ಗುರುತು ಹಾಕುತ್ತ ಹೋಗುತ್ತದೆ. ಪಾಸಾದರೆ ಚುಕ್ಕಿ, ಫೇಲಾದರೆ ‘ಎಫ್’, ಎಕ್ಸೆಪ್ಷನ್ (ಓಡುವಾಗ ಎದ್ದು ಕೋಡನ್ನು ನಿಲ್ಲಿಸುವ ಎರರ್) ಎದ್ದರೆ ‘ಇ’, ಸ್ಕಿಪ್ ಮಾಡಿದ್ದರೆ ‘ಎಸ್’. ಎಫ್ ಬಂದರೆ ಕೋಡ್ ಓಡಿ ಮುಗಿದಿದೆ, ಉತ್ತರ ಮಾತ್ರ ಬೇರೆ ಎಂದರ್ಥ. ಇ ಬಂದರೆ ಕೋಡ್ ದಾರಿಯಲ್ಲೇ ಮುಗ್ಗರಿಸಿದೆ, ಉತ್ತರ ಹೋಲಿಸುವ ಸಾಲಾದ ಅಸರ್ಷನ್‌ವರೆಗೆ ತಲುಪಿಯೇ ಇಲ್ಲ. ಎಫ್ ಬಂದಾಗ ಹುಡುಕಬೇಕಾದ್ದು ಲೆಕ್ಕದ ತಪ್ಪು. ಇ ಬಂದಾಗ ಹುಡುಕಬೇಕಾದ್ದು ಸಿಗದ ಫೈಲ್, ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಆದ ಆಬ್ಜೆಕ್ಟ್, ತಪ್ಪು ಆರ್ಗ್ಯುಮೆಂಟ್. ಆರ್‌ಸ್ಪೆಕ್ ಎರಡಕ್ಕೂ ಎಫ್ ಎಂದೇ ಹಾಕುವುದರಿಂದ ಅಲ್ಲಿ ಕೆಳಗಿನ ಬರಹ ಓದಿದರೆ ಮಾತ್ರ ತಿಳಿಯುತ್ತದೆ.

ಬ್ಯಾಕ್‌ಟ್ರೇಸ್ (ಎರರ್‌ವರೆಗೆ ಕರೆಯಲ್ಪಟ್ಟ ಸಾಲುಗಳ ಪಟ್ಟಿ) ಉದ್ದವಿದ್ದರೆ ಮೇಲಿಂದ ಕೆಳಗೆ ಬರುತ್ತ ನಿಮ್ಮ ಪ್ರಾಜೆಕ್ಟ್‌ನ ಫೋಲ್ಡರ್ ಇರುವ ಮೊದಲ ಸಾಲಿನಲ್ಲಿ ನಿಲ್ಲಿ. ಅದರ ಮೇಲಿರುವುದೆಲ್ಲ ಹೊರಗಿನ ಲೈಬ್ರರಿಗಳ, ಅಂದರೆ ಜೆಮ್‌ಗಳ ಒಳಗಿನ ಸಾಲುಗಳು. ತಪ್ಪು ಜೆಮ್‌ನಲ್ಲೇ ಇರುವುದು ಅಪರೂಪ, ಅದಕ್ಕೆ ನೀವು ಕೊಟ್ಟ ಮೌಲ್ಯದಲ್ಲಿ ಇರುವುದೇ ಹೆಚ್ಚು. ರೇಲ್ಸ್ ಜೆಮ್‌ಗಳ ಸಾಲುಗಳನ್ನು ತಾನೇ ಮುಚ್ಚಿಡುತ್ತದೆ. ಅವು ಬೇಕೇ ಬೇಕೆನಿಸಿದರೆ ‘ರೇಲ್ಸ್ ಟೆಸ್ಟ್’ ಕಮ್ಯಾಂಡ್‌ಗೆ ‘-ಬಿ’ ಸೇರಿಸಿ. ಆರ್‌ಸ್ಪೆಕ್‌ನಲ್ಲೂ ಅದೇ ‘-ಬಿ’. ರೂಬಿ 3.1ರಿಂದ ಈಚೆಗೆ ಎರರ್ ಎದ್ದ ಸಾಲಿನಲ್ಲಿ ಯಾವ ಭಾಗ ಕೈಕೊಟ್ಟಿತು ಎಂದು ಅಡಿಯಲ್ಲಿ ಸಣ್ಣ ಬಾಣಗಳನ್ನೂ ಹಾಕಿ ತೋರಿಸುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿ ಹಾಕಿ ಮೆಥಡ್‌ಗಳನ್ನು ಪೋಣಿಸುವ ಅಭ್ಯಾಸವಿದ್ದವರಿಗೆ ಇದು ದೊಡ್ಡ ಉಪಕಾರ.

‘ಅನ್‌ಡಿಫೈನ್ಡ್ ಮೆಥಡ್ ಫಾರ್ ನಿಲ್’ ಎಂದು ಬಂದಾಗ ಆ ಸಾಲಿಗೆ ನಿಲ್-ಚೆಕ್ ಸೇರಿಸಿ ಮುಗಿಸಬೇಡಿ. ನಿಲ್ ಸ್ಫೋಟಿಸಿದ ಜಾಗ ಅದು, ಹುಟ್ಟಿದ ಜಾಗ ಬೇರೆ ಎಲ್ಲೋ ಇದೆ. ರೂಬಿಯಲ್ಲಿ ನಿಲ್ ಸದ್ದಿಲ್ಲದೆ ಹುಟ್ಟುವ ದಾರಿಗಳು ಬಹಳ. ಹ್ಯಾಶ್‌ನಲ್ಲಿ ಇಲ್ಲದ ಕೀ ಕೇಳಿದರೆ ನಿಲ್. ಕೀ ಸಿಂಬಲ್ ಆಗಿದ್ದು ನೀವು ಸ್ಟ್ರಿಂಗ್‌ನಲ್ಲಿ ಕೇಳಿದರೂ ನಿಲ್. ಇನ್‌ಸ್ಟನ್ಸ್ ವೇರಿಯಬಲ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ನಿಲ್, ಅದೂ ಎಚ್ಚರಿಕೆಯಿಲ್ಲದೆ, ರೂಬಿ 3.0ರಲ್ಲಿ ಆ ವಾರ್ನಿಂಗನ್ನೇ ತೆಗೆದುಹಾಕಿದರು. ಹ್ಯಾಶ್‌ನಿಂದ ಮೌಲ್ಯ ತೆಗೆಯುವಾಗ ಚೌಕ ಕಂಸದ ಬದಲು ‘ಫೆಚ್’ ಬಳಸಿದರೆ ಕೀ ಇಲ್ಲದ ಕಡೆಯೇ ‘ಕೀಎರರ್’ ಏಳುತ್ತದೆ, ಮುಂದೆ ಹತ್ತು ಸಾಲು ದಾಟಿ ಅಲ್ಲ.

ಎಕ್ಸ್‌ಪೆಕ್ಟೆಡ್, ಆಕ್ಚುಯಲ್ ಎಂಬ ಎರಡು ಸಾಲುಗಳನ್ನು ನಂಬುವ ಮೊದಲು ಟೆಸ್ಟ್‌ನಲ್ಲಿ ಅವುಗಳ ಕ್ರಮ ನೋಡಿ. ‘ಅಸರ್ಟ್_ಈಕ್ವಲ್’ಗೆ ಮೊದಲು ಕೊಡಬೇಕಾದ್ದು ನಿರೀಕ್ಷಿತ ಉತ್ತರ, ಎರಡನೆಯದು ಕೋಡ್ ಕೊಟ್ಟ ಉತ್ತರ. ತಿರುವುಮುರುವಾಗಿ ಬರೆದಿದ್ದರೆ ಸಂದೇಶವೂ ತಿರುವುಮುರುವು. ಸರಿ ಇರುವ ಸಂಖ್ಯೆಯನ್ನೇ ತಪ್ಪೆಂದು ಬೆನ್ನಟ್ಟುತ್ತೀರಿ.

## ಒಂದೇ ಟೆಸ್ಟ್ ಓಡಿಸಿ

ಇಡೀ ಸೂಟ್ (ಟೆಸ್ಟ್‌ಗಳ ಪೂರ್ತಿ ಗುಂಪು) ಓಡಿಸುತ್ತ ಡಿಬಗ್ ಮಾಡುವುದು ಬೇಡ. ಬರಿಯ ರೂಬಿ ಪ್ರಾಜೆಕ್ಟ್ ಆದರೆ ‘ಬಂಡಲ್ ಎಕ್ಸೆಕ್ ರೂಬಿ -ಐಟೆಸ್ಟ್’ ಎಂದು ಬರೆದು ಫೈಲ್ ಹೆಸರು, ಮುಂದೆ ‘-ಎನ್’, ಅದರ ಮುಂದೆ ಟೆಸ್ಟ್ ಹೆಸರು. ಹೆಸರು ಉದ್ದವಿದ್ದರೆ ಅದರ ಒಂದು ತುಂಡನ್ನು ಓರೆಗೆರೆಗಳ ನಡುವೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಆಗಿ ಕೊಟ್ಟರೂ ಸಾಕು. ರೇಲ್ಸ್‌ನಲ್ಲೂ ಆರ್‌ಸ್ಪೆಕ್‌ನಲ್ಲೂ ಫೈಲ್ ಹೆಸರಿನ ಮುಂದೆ ಕೋಲನ್ ಹಾಕಿ ಸಾಲಿನ ಸಂಖ್ಯೆ ಕೊಟ್ಟರೆ ಆ ಟೆಸ್ಟ್ ಒಂದೇ ಓಡುತ್ತದೆ.

‘ಬಂಡಲ್ ಎಕ್ಸೆಕ್’ ಬಿಟ್ಟರೆ ಮಷೀನಿನಲ್ಲಿರುವ ಬೇರೆ ಆವೃತ್ತಿಯ ಜೆಮ್ ಲೋಡ್ ಆಗಬಹುದು. ಹಳೆಯ ರೇಲ್ಸ್ ಪ್ರಾಜೆಕ್ಟ್‌ಗಳಲ್ಲಿ ಬೇಗ ಶುರುವಾಗಲೆಂದು ಆ್ಯಪನ್ನು ಹಿಡಿದಿಡುವ ಸ್ಪ್ರಿಂಗ್ ಹಿನ್ನೆಲೆಯಲ್ಲಿ ಹಳೆಯ ಕೋಡನ್ನೇ ಹಿಡಿದುಕೊಂಡು ಕೂತಿರುವುದೂ ಉಂಟು. ನೀವು ಮಾಡಿದ ಬದಲಾವಣೆ ಯಾವ ಪರಿಣಾಮವನ್ನೂ ಬೀರುತ್ತಿಲ್ಲ ಅನ್ನಿಸಿದರೆ ಮೊದಲು ‘ಸ್ಪ್ರಿಂಗ್ ಸ್ಟಾಪ್’. ಆಮೇಲೂ ಸಂಶಯವಿದ್ದರೆ ಮೆಥಡ್‌ನ ಮೊದಲ ಸಾಲಿನಲ್ಲಿ ಬೇಕೆಂದೇ ಎಕ್ಸೆಪ್ಷನ್ ಎಬ್ಬಿಸುವ ‘ರೇಸ್’ ಬರೆದು ಓಡಿಸಿ. ಟೆಸ್ಟ್ ಅಲ್ಲೇ ಸಿಡಿಯದಿದ್ದರೆ ನೀವು ತಿದ್ದುತ್ತಿರುವ ಫೈಲ್ ಓಡುತ್ತಲೇ ಇಲ್ಲ. ಅದೇ ಹೆಸರಿನ ಮೆಥಡ್ ಇನ್ನೊಂದು ಮಾಡ್ಯೂಲ್‌ನಿಂದ ಬರುತ್ತಿರಬಹುದು. ಆಬ್ಜೆಕ್ಟ್‌ನ ಮೇಲೆ ‘ಮೆಥಡ್’ ಕರೆದು, ಅದರ ಮೇಲೆ ‘ಸೋರ್ಸ್_ಲೊಕೇಶನ್’ ಕೇಳಿದರೆ ಫೈಲ್, ಸಾಲು ಎರಡೂ ಸಿಗುತ್ತವೆ.

ಒಂಟಿಯಾಗಿ ಓಡಿಸಿದಾಗಲೂ ಫೇಲಾದರೆ ಮುಂದಿನ ಭಾಗ ಓದಿ. ಒಂಟಿಯಾಗಿ ಪಾಸಾಗಿ ಗುಂಪಿನಲ್ಲಿ ಮಾತ್ರ ಫೇಲಾಗುತ್ತಿದ್ದರೆ ಅದು ಬೇರೆಯೇ ರೋಗ, ‘ಸೀಡ್’ ಭಾಗಕ್ಕೆ ನೇರ ಹೋಗಿ.

## ಒಂದು ಬಿಲ್ಲಿನ ಲೆಕ್ಕ

ಮೊತ್ತ 1250 ರೂಪಾಯಿ, ಜಿಎಸ್‌ಟಿ ದರ 18. ಒಟ್ಟು 1475 ಬರಬೇಕು. ಸಂದೇಶ ಹೀಗಿದೆ: ಎಕ್ಸ್‌ಪೆಕ್ಟೆಡ್ 1475, ಆಕ್ಚುಯಲ್ 1250.

ಕೋಡ್ ತೆರೆಯುವ ಮೊದಲು ವ್ಯತ್ಯಾಸವನ್ನೇ ಓದಿ. 225 ಕಡಿಮೆ ಬಂದಿದೆ, 225 ಎಂದರೆ ಪೂರ್ತಿ ತೆರಿಗೆ. ಒಂದೆರಡು ಪೈಸೆ ವ್ಯತ್ಯಾಸ ಬಂದಿದ್ದರೆ ರೌಂಡಿಂಗ್ ಸಂಶಯ ಬರುತ್ತಿತ್ತು, ಎರಡರಷ್ಟು ಬಂದಿದ್ದರೆ ಎರಡು ಸಲ ಕೂಡಿಸಿದ ಸಂಶಯ. ಇಲ್ಲಿ ತೆರಿಗೆ ಸೊನ್ನೆ ಆಗಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಎರಡೇ: ದರ ಬರುತ್ತಿಲ್ಲವೋ, ಲೆಕ್ಕ ಸೊನ್ನೆ ಕೊಡುತ್ತಿದೆಯೋ?

ತೆರಿಗೆಯ ಸಾಲು ಇದು: ಮೊತ್ತ * (ದರ / 100)

ಅದರ ಮೇಲಿನ ಸಾಲಿನಲ್ಲಿ ‘ಪಿ ದರ’, ‘ಪಿ ದರ / 100’ ಎಂದು ಎರಡು ಸಾಲು ಹಾಕಿ ಓಡಿಸಿ (‘ಪಿ’ ಮೌಲ್ಯವನ್ನು ಮುದ್ರಿಸುತ್ತದೆ). ಮೊದಲನೆಯದು 18, ಎರಡನೆಯದು 0. ರೂಬಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರುತ್ತದೆ, ಅದೂ ಕೆಳಗಿನ ಅಂಕಿಗೆ ಇಳಿದು. 7 / 2 ಎಂದರೆ 3. -7 / 2 ಎಂದರೆ -4. ಕ್ರೆಡಿಟ್ ನೋಟ್‌ನಂತಹ ಋಣ ಮೊತ್ತಗಳ ಟೆಸ್ಟ್ ವಿಚಿತ್ರವಾಗಿ ಒಂದು ಅಂಕಿ ತಪ್ಪಿದರೆ ಕಾರಣ ಇದೇ.

ಇಲ್ಲಿ ‘ಪುಟ್ಸ್’ ಬಿಟ್ಟು ‘ಪಿ’ ಬಳಸಿದ್ದಕ್ಕೆ ಕಾರಣ ಇದೆ. ‘ಪುಟ್ಸ್’ ನಿಲ್‌ಗೂ, ಖಾಲಿ ಸ್ಟ್ರಿಂಗ್‌ಗೂ, ಖಾಲಿ ಅರೇಗೂ ಒಂದೇ ಖಾಲಿ ಸಾಲು ಹಾಕುತ್ತದೆ. ಸಂಖ್ಯೆ 18ನ್ನೂ ಸ್ಟ್ರಿಂಗ್ "18"ನ್ನೂ ಒಂದೇ ತರಹ ತೋರಿಸುತ್ತದೆ. ‘ಪಿ’ ಉದ್ಧರಣ ಚಿಹ್ನೆ, ನಿಲ್ ಎಲ್ಲವನ್ನೂ ಇದ್ದಂತೆ ತೋರಿಸುತ್ತದೆ. ಮೇಲಾಗಿ ‘ಪಿ’ ತಾನು ಮುದ್ರಿಸಿದ್ದನ್ನೇ ಹಿಂದಿರುಗಿಸುತ್ತದೆ, ‘ಪುಟ್ಸ್’ ನಿಲ್ ಹಿಂದಿರುಗಿಸುತ್ತದೆ. ಮೆಥಡ್‌ನ ಕೊನೆಯ ಸಾಲಿನಲ್ಲಿ ‘ಪುಟ್ಸ್’ ಹಾಕಿ ಹೊಸದೊಂದು ಬಗ್ ಮಾಡಿಕೊಂಡವರಿಗೆ ಲೆಕ್ಕವಿಲ್ಲ.

ಈಗ ತಿದ್ದುಪಡಿ. ಕಂಸ ತೆಗೆದು ‘ಮೊತ್ತ * ದರ / 100’ ಎಂದರೆ 22500ನ್ನು 100ರಿಂದ ಭಾಗಿಸಿ 225 ಬರುತ್ತದೆ, ಟೆಸ್ಟ್ ಹಸಿರು. ಇಲ್ಲೇ ಮೋಸ. ಮೊತ್ತ 1255 ಆದರೆ ತೆರಿಗೆ 225.90 ಬರಬೇಕು, ಈ ಸಾಲು 225 ಕೊಟ್ಟು 90 ಪೈಸೆ ನುಂಗುತ್ತದೆ. 1250 ಎಂಬ ದುಂಡು ಸಂಖ್ಯೆಯನ್ನು ಟೆಸ್ಟ್‌ಗೆ ಆರಿಸಿಕೊಂಡದ್ದೇ ಅದನ್ನು ಕುರುಡು ಮಾಡಿತ್ತು. ತಿದ್ದಿದ ಮೇಲೆ ಸರಿಯಾಗಿ ಭಾಗವಾಗದ ಸಂಖ್ಯೆಯ ಎರಡನೇ ಟೆಸ್ಟ್ ಬರೆಯಲೇಬೇಕು.

100ರ ಬದಲು 100.0 ಎಂದರೆ ಫ್ಲೋಟ್ (ದಶಮಾಂಶ ಸಂಖ್ಯೆ) ಬರುತ್ತದೆ, ಅದರ ಜೊತೆ ಫ್ಲೋಟ್‌ನ ಕಾಯಿಲೆಯೂ ಬರುತ್ತದೆ. 0.1 + 0.2 ಎಂದರೆ 0.30000000000000004. ಹಣದ ಲೆಕ್ಕದಲ್ಲಿ ಇದಕ್ಕಿಂತ ಅಪಾಯದ್ದು 19.99 * 100, ಅದು 1998.9999999999998 ಆಗುತ್ತದೆ, ಅದಕ್ಕೆ ‘ಟು_ಐ’ ಹಾಕಿದರೆ 1998 ಪೈಸೆ. ಒಂದು ಪೈಸೆ ಹೋಯಿತು. ‘ಅಸರ್ಟ್_ಇನ್_ಡೆಲ್ಟಾ’ ಬಳಸಿ ಇದನ್ನು ಮುಚ್ಚಬಹುದು. ಅದರ ಡಿಫಾಲ್ಟ್ ಸಡಿಲಿಕೆ 0.001. ಅಳತೆ, ತೂಕ, ದೂರಕ್ಕೆ ಅದು ಸರಿಯಾದ ಸಾಧನ. ಹಣಕ್ಕೆ ಅಲ್ಲ. ಹಣಕ್ಕೆ ಪೈಸೆಗಳ ಪೂರ್ಣಾಂಕ, ಇಲ್ಲವೇ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್. ಬಿಗ್‌ಡೆಸಿಮಲ್‌ಗೆ ದರವನ್ನು ಉದ್ಧರಣ ಚಿಹ್ನೆಯೊಳಗೆ "0.18" ಎಂದು ಸ್ಟ್ರಿಂಗ್ ಆಗಿಯೇ ಕೊಡಿ.

ಇಷ್ಟಾದರೂ ಒಂದು ಟೆಸ್ಟ್ ಕೆಂಪಾಗಿಯೇ ಉಳಿಯಬಹುದು. ರಾಜ್ಯದೊಳಗಿನ ಮಾರಾಟಕ್ಕೆ 18 ಎನ್ನುವುದು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಒಡೆಯುತ್ತದೆ. ಮೊತ್ತ 105.50 ಇರಲಿ. ಒಟ್ಟಿಗೆ 18 ಪರ್ಸೆಂಟ್ ಹಾಕಿದರೆ 18.99. ಬೇರೆ ಬೇರೆಯಾಗಿ ಹಾಕಿದರೆ ತಲಾ 9.495, ರೌಂಡ್ ಮಾಡಿದರೆ ತಲಾ 9.50, ಕೂಡಿದರೆ 19.00. ಒಂದು ಪೈಸೆಯ ವ್ಯತ್ಯಾಸ. ಇಲ್ಲಿ ಕೋಡ್ ಬರೆದವರ ತಪ್ಪೂ ಇಲ್ಲ, ಟೆಸ್ಟ್ ಬರೆದವರ ತಪ್ಪೂ ಇಲ್ಲ. ಯಾವ ಹಂತದಲ್ಲಿ ರೌಂಡ್ ಮಾಡಬೇಕೆಂದು ಯಾರೂ ತೀರ್ಮಾನಿಸಿಲ್ಲ, ಅಷ್ಟೆ. ಅದನ್ನು ಡಿಬಗರ್ ಬಗೆಹರಿಸುವುದಿಲ್ಲ. ಅಕೌಂಟ್ಸ್ ನೋಡಿಕೊಳ್ಳುವವರನ್ನು ಕೇಳಿ, ಅವರು ಹೇಳಿದ್ದನ್ನು ಟೆಸ್ಟ್‌ನ ಹೆಸರಿನಲ್ಲೇ ಬರೆದಿಡಿ.

## ಪಿ ಸಾಲದಾದಾಗ ಡಿಬಗರ್

ಮೂರ್ನಾಲ್ಕು ‘ಪಿ’ ಹಾಕಿಯೂ ಚಿತ್ರ ಸಿಗದಿದ್ದರೆ ಸಂಶಯವಿರುವ ಸಾಲಿನ ಮೇಲೆ ‘ಬೈಂಡಿಂಗ್.ಐಆರ್‌ಬಿ’ ಎಂದು ಬರೆಯಿರಿ. ರೂಬಿ 2.5ರಿಂದ ಯಾವ ರಿಕ್ವೈರ್ ಕೂಡ ಇಲ್ಲದೆ ಇದು ಕೆಲಸ ಮಾಡುತ್ತದೆ. ಟೆಸ್ಟ್ ಅಲ್ಲಿ ನಿಂತು ನಿಮಗೆ ಪ್ರಾಂಪ್ಟ್ ಕೊಡುತ್ತದೆ, ಆ ಕ್ಷಣದ ವೇರಿಯಬಲ್‌ಗಳೆಲ್ಲ ಕೈಗೆ ಸಿಗುತ್ತವೆ. ‘ಎಕ್ಸಿಟ್’ ಎಂದರೆ ಮುಂದಕ್ಕೆ ಓಡುತ್ತದೆ.

ಸಾಲು ಸಾಲಾಗಿ ನಡೆಯಬೇಕಿದ್ದರೆ ‘ಡಿಬಗ್’ ಜೆಮ್. ರೂಬಿ 3.1ರಿಂದ ಜೊತೆಗೇ ಬರುತ್ತದೆ. ಅದನ್ನು ರಿಕ್ವೈರ್ ಮಾಡಿ, ನಿಲ್ಲಬೇಕಾದ ಕಡೆ ‘ಡಿಬಗರ್’ ಎಂದು ಬರೆಯಿರಿ. ‘ಎನ್’ ಮುಂದಿನ ಸಾಲಿಗೆ, ‘ಎಸ್’ ಮೆಥಡ್‌ನ ಒಳಕ್ಕೆ, ‘ಫಿನ್’ ಅದರಿಂದ ಹೊರಕ್ಕೆ, ‘ಸಿ’ ಮುಂದಿನ ಬ್ರೇಕ್‌ಪಾಯಿಂಟ್‌ವರೆಗೆ, ‘ಬಿಟಿ’ ಬ್ಯಾಕ್‌ಟ್ರೇಸ್, ‘ಐ’ ವೇರಿಯಬಲ್‌ಗಳ ಪಟ್ಟಿ. ನಿಮ್ಮ ವೇರಿಯಬಲ್‌ನ ಹೆಸರೇ ಎನ್ ಆಗಿದ್ದರೆ ಅದನ್ನು ನೋಡಲು ಹೋಗಿ ಒಂದು ಸಾಲು ಮುಂದೆ ಹೋಗಿಬಿಡುತ್ತೀರಿ. ‘ಪಿ ಎನ್’ ಎಂದು ಹೊಡೆಯಿರಿ.

ಹೆಚ್ಚಿನವರು ಬಳಸದ, ಆದರೆ ಬಹಳ ಉಪಯೋಗದ ಎರಡು ಕಮ್ಯಾಂಡ್ ಇವೆ. ‘ಕ್ಯಾಚ್ ನೋಮೆಥಡ್‌ಎರರ್’ ಎಂದರೆ ಆ ಎಕ್ಸೆಪ್ಷನ್ ಏಳುವ ಕ್ಷಣದಲ್ಲೇ ನಿಲ್ಲುತ್ತದೆ. ಕೋಡ್‌ನಲ್ಲಿ ಯಾರೋ ‘ರೆಸ್ಕ್ಯೂ’ ಹಾಕಿ ಎರರ್ ನುಂಗಿಬಿಟ್ಟಿದ್ದರೂ ಸಿಕ್ಕಿಬೀಳುತ್ತದೆ. ‘ವಾಚ್’ ಎಂದು ಬರೆದು ಇನ್‌ಸ್ಟನ್ಸ್ ವೇರಿಯಬಲ್‌ನ ಹೆಸರು ಕೊಟ್ಟರೆ ಅದರ ಮೌಲ್ಯ ಬದಲಾದಾಗ ನಿಲ್ಲುತ್ತದೆ. ಸಾವಿರ ಸಲ ಸುತ್ತುವ ಲೂಪ್ ಒಳಗಾದರೆ ‘ಡಿಬಗರ್ ಇಫ್ ದರ.ನಿಲ್?’ ಎಂದು ಷರತ್ತು ಹಾಕಿ. ರೇಲ್ಸ್‌ನಲ್ಲಿ ಟೆಸ್ಟ್‌ಗಳು ಸಮಾನಾಂತರವಾಗಿ ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಓಡುತ್ತಿದ್ದರೆ ಪ್ರಾಂಪ್ಟ್ ಎಡವಟ್ಟಾಗುತ್ತದೆ. ‘ಪ್ಯಾರಲಲ್_ವರ್ಕರ್ಸ್’ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ.

ಡಿಬಗರ್‌ನಲ್ಲಿ ಮಾತ್ರ ಕಣ್ಣಿಗೆ ಬೀಳುವ ಒಂದು ರೂಬಿ ತಪ್ಪನ್ನು ಹತ್ತಿರದಿಂದ ನೋಡೋಣ. ‘ದರ’ ಎಂಬ ಮೆಥಡ್ ಇದೆ, ಅದು 5 ಕೊಡುತ್ತದೆ. ಇನ್ನೊಂದು ಮೆಥಡ್‌ನ ಒಳಗೆ ಯಾರೋ ಹೀಗೆ ಬರೆದಿದ್ದಾರೆ:

ದರ = ದರ || 18

ದರ ಸಿಕ್ಕರೆ ಅದು, ಸಿಗದಿದ್ದರೆ 18 ಎಂಬುದು ಉದ್ದೇಶ. ಉತ್ತರ ಯಾವಾಗಲೂ 18. ಸಮಚಿಹ್ನೆಯ ಎಡಗಡೆ ‘ದರ’ ಕಂಡ ಕೂಡಲೆ ರೂಬಿ ಅದನ್ನು ಲೋಕಲ್ ವೇರಿಯಬಲ್ ಎಂದು ಗುರುತು ಮಾಡಿಕೊಳ್ಳುತ್ತದೆ. ಬಲಗಡೆಯ ‘ದರ’ ಈಗ ಮೆಥಡ್ ಅಲ್ಲ, ಇನ್ನೂ ಮೌಲ್ಯ ಬರದ ಆ ಲೋಕಲ್ ವೇರಿಯಬಲ್, ಅಂದರೆ ನಿಲ್. ಬೇರೆ ಹೆಸರಿಡಿ, ಇಲ್ಲವೇ ಬಲಗಡೆ ‘ಸೆಲ್ಫ್.ದರ’ ಎನ್ನಿ. ಇದರ ಒಡಹುಟ್ಟು ಇನ್ನೊಂದು: ಮೆಥಡ್ ಒಳಗೆ ‘ದರ = 5’ ಎಂದು ಬರೆದು ಆಬ್ಜೆಕ್ಟ್‌ನ ದರ ಬದಲಾಯಿತೆಂದು ನಂಬುವುದು. ಬದಲಾಗಿಲ್ಲ, ‘ಸೆಲ್ಫ್.ದರ = 5’ ಎಂದರೆ ಮಾತ್ರ ಸೆಟ್ಟರ್ ಮೆಥಡ್ ಕರೆಯಲ್ಪಡುತ್ತದೆ.

## ನೋಡಲು ಒಂದೇ, ಆದರೂ ಸಮ ಅಲ್ಲ

ಎಕ್ಸ್‌ಪೆಕ್ಟೆಡ್, ಆಕ್ಚುಯಲ್ ಎರಡರಲ್ಲೂ ಅದೇ ಪದ ಕಾಣುತ್ತದೆ, ಟೆಸ್ಟ್ ಮಾತ್ರ ಫೇಲ್. ಇಂಗ್ಲಿಷ್ ಡೇಟಾದಲ್ಲಿ ಇದಕ್ಕೆ ಕಾರಣ ಸಾಮಾನ್ಯವಾಗಿ ಕೊನೆಯಲ್ಲಿ ಉಳಿದ ಹೊಸ ಸಾಲಿನ ಗುರುತು, ಇಲ್ಲವೇ ವೆಬ್ ಪುಟದಿಂದ ಕಾಪಿ ಮಾಡಿದಾಗ ಅಂಟಿಕೊಂಡ ನಾನ್-ಬ್ರೇಕಿಂಗ್ ಸ್ಪೇಸ್. ಈ ಎರಡನೆಯದನ್ನು ‘ಸ್ಟ್ರಿಪ್’ ತೆಗೆಯುವುದಿಲ್ಲ.

ಕನ್ನಡ ಡೇಟಾದಲ್ಲಿ ಇನ್ನೂ ಸೂಕ್ಷ್ಮ. ‘ಕೊ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಕ ಜೊತೆ ಒಕಾರದ ಒಂದೇ ಚಿಹ್ನೆ, ಇಲ್ಲವೇ ಕ ಜೊತೆ ಎಕಾರ, ಉದ್ದ ಉಕಾರ ಎಂಬ ಎರಡು ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ. ರೂಬಿಗೆ ಬೇರೆ ಬೇರೆ. ‘ಕೋಡ್‌ಪಾಯಿಂಟ್ಸ್’ ಕೇಳಿದರೆ ಮೊದಲನೆಯದು 3221, 3274. ಎರಡನೆಯದು 3221, 3270, 3266. ಹೋಲಿಸುವ ಮೊದಲು ಎರಡೂ ಕಡೆ ‘ಯೂನಿಕೋಡ್_ನಾರ್ಮಲೈಸ್’ ಹಾಕಿ. ಇನ್ನು ‘ಟೆಸ್ಟ್‌ನಲ್ಲಿ’ಯಂತಹ ಪದಗಳಲ್ಲಿ ಅಕ್ಷರ ಕೂಡಿಕೊಳ್ಳದಂತೆ ತಡೆಯುವ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಇರುತ್ತದೆ, ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ. ಸ್ಟ್ರಿಂಗ್ ಮೇಲೆ ‘ಡಂಪ್’ ಕರೆದರೆ ಪ್ರತಿ ಅಕ್ಷರದ ಕೋಡ್ ಬಯಲಾಗುತ್ತದೆ, ಅಡಗಿದ್ದದ್ದು ಸಿಗುತ್ತದೆ.

ಉದ್ದದ ಟೆಸ್ಟ್‌ಗಳೂ ಹೀಗೆಯೇ. ‘ಕನ್ನಡ’ ಪದಕ್ಕೆ ‘ಲೆಂತ್’ 5, ಮೂರಲ್ಲ, ‘ಬೈಟ್‌ಸೈಜ್’ 15. ಬಳಕೆದಾರರು ಫಾರ್ಮ್‌ನಲ್ಲಿ ೧೮ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೆ ‘ಟು_ಐ’ ಅದನ್ನು ಸದ್ದಿಲ್ಲದೆ 0 ಮಾಡುತ್ತದೆ. ‘ಇಂಟೀಜರ್’ ಎಂಬ ಮೆಥಡ್ ಆದರೆ ಆರ್ಗ್ಯುಮೆಂಟ್‌ಎರರ್ ಎಬ್ಬಿಸುತ್ತದೆ, ಅದೇ ವಾಸಿ. ಮೊದಲು ‘ಟಿಆರ್’ ಮೆಥಡ್‌ನಿಂದ ಅಂಕಿಗಳನ್ನು ಬದಲಿಸಿಕೊಳ್ಳಿ.

## ಸೀಡ್: ಗುಂಪಿನಲ್ಲಿ ಮಾತ್ರ ಫೇಲಾಗುವ ಟೆಸ್ಟ್

ಮಿನಿಟೆಸ್ಟ್ ಪ್ರತಿ ಸಲವೂ ಟೆಸ್ಟ್‌ಗಳನ್ನು ಕಲಸಿ ಬೇರೆ ಕ್ರಮದಲ್ಲಿ ಓಡಿಸುತ್ತದೆ. ಆ ಕ್ರಮವನ್ನು ನಿರ್ಧರಿಸುವ ಸಂಖ್ಯೆಯೇ ಸೀಡ್, ಔಟ್‌ಪುಟ್‌ನ ಆರಂಭದಲ್ಲಿ ಬರುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಬಹಳ ಜನ ಗಾಬರಿಯಲ್ಲಿ ಮತ್ತೆ ಓಡಿಸಿ, ಈ ಸಲ ಪಾಸಾಯಿತೆಂದು ನಿಟ್ಟುಸಿರು ಬಿಟ್ಟು, ಇದ್ದ ಒಂದೇ ಸುಳಿವನ್ನು ಕಳೆದುಕೊಳ್ಳುತ್ತಾರೆ. ಸೀಡ್ 41723 ಆಗಿದ್ದರೆ ‘--ಸೀಡ್ 41723’ ಎಂದು ಕೊಟ್ಟು ಅದೇ ಕ್ರಮದಲ್ಲಿ ಓಡಿಸಿ, ಜೊತೆಗೆ ‘-ವಿ’ ಹಾಕಿ. ಟೆಸ್ಟ್‌ಗಳ ಹೆಸರು ಓಡಿದ ಕ್ರಮದಲ್ಲಿ ಬರುತ್ತವೆ. ತಪ್ಪಿತಸ್ಥ ಟೆಸ್ಟ್ ಫೇಲಾದದ್ದಕ್ಕಿಂತ ಮುಂಚೆ ಓಡಿದವುಗಳಲ್ಲಿ ಎಲ್ಲೋ ಇದೆ.

ಅರ್ಧ ಅರ್ಧ ಮಾಡಿ ಹುಡುಕುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದು. ಆರ್‌ಸ್ಪೆಕ್‌ನಲ್ಲಿ ಅದೇ ಸೀಡ್ ಕೊಟ್ಟು ‘--ಬೈಸೆಕ್ಟ್’ ಎಂದರೆ ಫೇಲ್ ಮಾಡಿಸಲು ಬೇಕಾದ ಕನಿಷ್ಠ ಟೆಸ್ಟ್‌ಗಳ ಪಟ್ಟಿ ಸಿಗುತ್ತದೆ. ಮಿನಿಟೆಸ್ಟ್‌ಗೆ ‘ಮಿನಿಟೆಸ್ಟ್-ಬೈಸೆಕ್ಟ್’ ಎಂಬ ಜೆಮ್ ಇದೆ.

ಗಲೀಜು ಬಿಟ್ಟುಹೋಗುವ ಜಾಗಗಳು ಹೆಚ್ಚು ಕಡಿಮೆ ಇವೇ: ಕ್ಲಾಸ್ ವೇರಿಯಬಲ್; ಕ್ಲಾಸ್ ಮಟ್ಟದಲ್ಲಿ ‘||=’ ಹಾಕಿ ನೆನಪಿಟ್ಟುಕೊಂಡ ಮೌಲ್ಯ; ಎನ್ವಿರಾನ್ಮೆಂಟ್ ವೇರಿಯಬಲ್‌ಗಳಿರುವ ‘ಇಎನ್‌ವಿ’; ಭಾಷೆ ಆರಿಸುವ ಐ18ಎನ್ ಲೊಕೇಲ್; ರೇಲ್ಸ್ ಕ್ಯಾಶ್; ಫ್ರೀಜ್ ಮಾಡದ ಕಾನ್‌ಸ್ಟಂಟ್ ಅರೇಗೆ ಯಾರೋ ಸೇರಿಸಿದ ಹೊಸ ಅಂಶ. ಈ ಕೊನೆಯದಕ್ಕೆ ಕಾನ್‌ಸ್ಟಂಟ್‌ನ ಕೊನೆಗೆ ‘.ಫ್ರೀಜ್’ ಹಾಕಿ ಓಡಿಸಿ, ಅದನ್ನು ಮುಟ್ಟಿದವರು ಫ್ರೋಜನ್‌ಎರರ್ ಜೊತೆ ಸಾಲಿನ ಸಂಖ್ಯೆ ಸಮೇತ ಸಿಕ್ಕಿಬೀಳುತ್ತಾರೆ. ‘ಹ್ಯಾಶ್.ನ್ಯೂ([])’ ಕೂಡ ಇದೇ ಜಾತಿ. ಎಲ್ಲ ಕೀಗಳಿಗೂ ಒಂದೇ ಅರೇ ಹಂಚಿಕೆಯಾಗುತ್ತದೆ. ಬ್ಲಾಕ್ ಕೊಟ್ಟು ಪ್ರತಿ ಕೀಗೂ ಹೊಸ ಅರೇ ಮಾಡಿಸಬೇಕು.

ಇದರ ತಿರುಗುಮುರುಗು, ಗುಂಪಿನಲ್ಲಿ ಪಾಸ್ ಒಂಟಿಯಾಗಿ ಫೇಲ್, ಸುಲಭದ್ದು. ಆ ಫೈಲ್‌ನಲ್ಲಿ ಒಂದು ರಿಕ್ವೈರ್ ಬಿಟ್ಟುಹೋಗಿದೆ, ಬೇರೆ ಟೆಸ್ಟ್ ಅದನ್ನು ಲೋಡ್ ಮಾಡುತ್ತಿದ್ದರಿಂದ ಈವರೆಗೆ ಬಚಾವ್ ಆಗಿತ್ತು.

## ಬೆಳಗಿನ ಜಾವ ಫೇಲಾಗುವ ಟೆಸ್ಟ್

ಭಾರತದ ಸಮಯ ಜಾಗತಿಕ ಮಾನಕ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ರಾತ್ರಿ 12ರಿಂದ 5.30ರವರೆಗೆ ಇಲ್ಲಿ ಹೊಸ ದಿನ, ಯುಟಿಸಿಯಲ್ಲಿ ಇನ್ನೂ ನಿನ್ನೆ. ‘ಡೇಟ್.ಟುಡೇ’ ಮಷೀನಿನ ಸಮಯ ನೋಡುತ್ತದೆ, ‘ಡೇಟ್.ಕರೆಂಟ್’ ರೇಲ್ಸ್‌ನ ಸೆಟ್ಟಿಂಗ್ ನೋಡುತ್ತದೆ, ಆ ಸೆಟ್ಟಿಂಗ್‌ನ ಡಿಫಾಲ್ಟ್ ಯುಟಿಸಿ. ಕೋಡ್‌ನಲ್ಲಿ ಒಂದು, ಟೆಸ್ಟ್‌ನಲ್ಲಿ ಇನ್ನೊಂದು ಬಳಸಿದ್ದರೆ ಹಗಲು ಹಸಿರು, ತಡರಾತ್ರಿ ಕೂತು ಕೆಲಸ ಮಾಡುವವರಿಗೆ ಕೆಂಪು. ಬಿಲ್ ನಂಬರ್ ಹಣಕಾಸು ವರ್ಷಕ್ಕೆ ತಕ್ಕಂತೆ ಶುರುವಾಗುವ ವ್ಯವಸ್ಥೆಯಲ್ಲಿ ಏಪ್ರಿಲ್ 1ರ ನಸುಕಿನ ಬಿಲ್ ಹಿಂದಿನ ವರ್ಷಕ್ಕೆ ಸೇರಿಬಿಡುತ್ತದೆ. ಅಂಥ ಟೆಸ್ಟ್ ವರ್ಷಕ್ಕೆ ಐದೂವರೆ ಗಂಟೆ ಮಾತ್ರ ತನ್ನ ಬಣ್ಣ ತೋರಿಸುತ್ತದೆ.

ಇದನ್ನು ಕಾದು ಹಿಡಿಯಬೇಕಿಲ್ಲ. ‘ಟ್ರಾವೆಲ್_ಟು’ ಬಳಸಿ ಯುಟಿಸಿ ಮಾರ್ಚ್ 31ರ ರಾತ್ರಿ 8 ಗಂಟೆಗೆ ಗಡಿಯಾರ ನಿಲ್ಲಿಸಿ; ಇಲ್ಲಿ ಆಗ ಏಪ್ರಿಲ್ 1, ರಾತ್ರಿ ಒಂದೂವರೆ. ಅದೇ ಟೆಸ್ಟನ್ನು ‘ಟಿಝಡ್’ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಒಮ್ಮೆ ‘ಯುಟಿಸಿ’, ಇನ್ನೊಮ್ಮೆ ‘ಏಷ್ಯಾ/ಕೋಲ್ಕತಾ’ ಕೊಟ್ಟು ಓಡಿಸಿ. ಉತ್ತರ ಬದಲಾದರೆ ಕಳ್ಳ ಸಿಕ್ಕ. ರೇಲ್ಸ್‌ನ ಸಮಯ ವಲಯಗಳ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಇವೆ. ಬೆಂಗಳೂರು ಇಲ್ಲ, ಹುಡುಕಬೇಡಿ.

ಮ್ಯಾಕ್‌ನಲ್ಲಿ ಪಾಸಾಗಿ ಲಿನಕ್ಸ್ ಸರ್ವರ್‌ನಲ್ಲಿ ಫೇಲಾಗುವ ಸಮಯದ ಟೆಸ್ಟ್ ಇದ್ದರೆ ದಶಮಾಂಶ ನೋಡಿ. ಲಿನಕ್ಸ್‌ನಲ್ಲಿ ರೂಬಿಯ ಗಡಿಯಾರ ನ್ಯಾನೋಸೆಕೆಂಡ್‌ವರೆಗೆ ಕೊಡುತ್ತದೆ, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಮೈಕ್ರೋಸೆಕೆಂಡ್‌ವರೆಗೆ, ಅಂದರೆ ಆರು ಸ್ಥಾನ ಮಾತ್ರ ಉಳಿಸಿಕೊಳ್ಳುತ್ತದೆ. ‘ಫ್ರೀಜ್_ಟೈಮ್’ ಸೆಕೆಂಡಿನ ಭಿನ್ನಾಂಶವನ್ನೇ ಕತ್ತರಿಸುವುದರಿಂದ ಎರಡೂ ಕಡೆ ಒಂದೇ ಆಗುತ್ತದೆ.

ಡೇಟಾಬೇಸ್ ವಿಚಾರದಲ್ಲಿ ಇನ್ನು ಮೂರೇ ಮಾತು. ‘ಆರ್ಡರ್’ ಹೇಳದೆ ತಂದ ಸಾಲುಗಳ ಕ್ರಮವನ್ನು ಪೋಸ್ಟ್‌ಗ್ರೆಸ್ ಖಾತರಿ ಮಾಡುವುದಿಲ್ಲ. ಸೇವ್ ಆದ ಮೇಲೆ ‘ರೀಲೋಡ್’ ಮಾಡದಿದ್ದರೆ ಕೈಯಲ್ಲಿರುವುದು ಹಳೆಯ ಆಬ್ಜೆಕ್ಟ್. ಆರ್‌ಸ್ಪೆಕ್‌ನ ‘ಲೆಟ್’ ಸೋಮಾರಿ, ಹೆಸರು ಹಿಡಿದು ಕರೆಯುವವರೆಗೆ ರೆಕಾರ್ಡ್ ಹುಟ್ಟುವುದೇ ಇಲ್ಲ. ಮೊದಲೇ ಹುಟ್ಟಬೇಕಿದ್ದರೆ ಆಶ್ಚರ್ಯಸೂಚಕ ಹಾಕಿದ ‘ಲೆಟ್!’.

## ನಿನ್ನೆ ಪಾಸಾಗಿತ್ತು

ಹಾಗಿದ್ದರೆ ‘ಗಿಟ್ ಬೈಸೆಕ್ಟ್’. ಪಾಸಾಗುತ್ತಿದ್ದ ಒಂದು ಕಮಿಟ್ (ಗಿಟ್ ಉಳಿಸಿಟ್ಟ ಕೋಡ್‌ನ ಒಂದು ಹಂತ), ಫೇಲಾಗುವ ಒಂದು ಕಮಿಟ್ ಹೇಳಿ, ‘ಗಿಟ್ ಬೈಸೆಕ್ಟ್ ರನ್’ ಮುಂದೆ ಆ ಒಂದೇ ಟೆಸ್ಟ್‌ನ ಕಮ್ಯಾಂಡ್ ಕೊಟ್ಟರೆ ಗಿಟ್ ತಾನೇ ನಡುವಿನ ಕಮಿಟ್‌ಗಳನ್ನು ಅರ್ಧಿಸುತ್ತ ಹೋಗುತ್ತದೆ. ಸಾವಿರ ಕಮಿಟ್‌ಗೆ ಹತ್ತು ಸುತ್ತು ಸಾಕು. ಟೆಸ್ಟ್ ಹೊಸದಾಗಿದ್ದರೆ ಹಳೆಯ ಕಮಿಟ್‌ಗಳಲ್ಲಿ ಆ ಫೈಲೇ ಇರುವುದಿಲ್ಲ. ಅದನ್ನು ಪ್ರಾಜೆಕ್ಟ್‌ನ ಹೊರಗೆ ನಕಲು ಮಾಡಿಟ್ಟುಕೊಂಡು ಅಲ್ಲಿಂದ ಓಡಿಸಿ. ಬಿಲ್ಡೇ ಆಗದ ಕಮಿಟ್ ದಾಟಿಸಲು ಸ್ಕ್ರಿಪ್ಟ್ 125 ಎಂಬ ಎಕ್ಸಿಟ್ ಕೋಡ್ ಕೊಡಬೇಕು.

ಕೋಡ್ ಬದಲಾಗದೆ ರೂಬಿ ಬದಲಾಗಿದ್ದರೆ ಕಾರಣಗಳು ಬೇರೆ. ರೂಬಿಯ ಹೊಸ ಆವೃತ್ತಿ ಪ್ರತಿ ವರ್ಷ ಡಿಸೆಂಬರ್ 25ರಂದು ಬರುವ ರೂಢಿ, ಜನವರಿಯಲ್ಲಿ ಟೆಸ್ಟ್‌ಗಳು ಒಡೆಯುವುದೂ ಹೆಚ್ಚು ಕಡಿಮೆ ರೂಢಿಯೇ. 2024ರ ಡಿಸೆಂಬರ್‌ನ 3.4ರಲ್ಲಿ ಹ್ಯಾಶ್ ಮುದ್ರಣದ ರೂಪ ಬದಲಾಯಿತು, ಎರರ್ ಸಂದೇಶದಲ್ಲಿ ಮೆಥಡ್ ಹೆಸರಿನ ಹಿಂದಿದ್ದ ಬ್ಯಾಕ್‌ಟಿಕ್ ಹೋಗಿ ಸಾಮಾನ್ಯ ಉದ್ಧರಣ ಚಿಹ್ನೆ ಬಂತು. ಎರರ್ ಸಂದೇಶವನ್ನು ಅಕ್ಷರಶಃ ಹೋಲಿಸುವ ಟೆಸ್ಟ್‌ಗಳೆಲ್ಲ ಅಲ್ಲಿ ಬಿದ್ದವು. ಎಕ್ಸೆಪ್ಷನ್‌ನ ಕ್ಲಾಸ್ ಹೋಲಿಸಿ, ಸಂದೇಶವನ್ನಲ್ಲ. ಅದೇ 3.4ರಲ್ಲಿ ಸಿಎಸ್‌ವಿ, ಬೇಸ್64, ಬಿಗ್‌ಡೆಸಿಮಲ್ ಮುಂತಾದವು ಬಂಡಲ್ಡ್ ಜೆಮ್‌ಗಳಾದವು. ಪ್ರಾಜೆಕ್ಟ್‌ನ ಜೆಮ್ ಪಟ್ಟಿಯಾದ ಜೆಮ್‌ಫೈಲ್‌ನಲ್ಲಿ ಹೆಸರಿಲ್ಲದೆ, ಬೇರೆ ಜೆಮ್ ಕೂಡ ಅವನ್ನು ಎಳೆದು ತರದಿದ್ದರೆ ಲೋಡ್‌ಎರರ್.

## ಹಸಿರಾದ ಮೇಲೆ

ತಿದ್ದಿದ ಸಾಲನ್ನು ಒಮ್ಮೆ ಮತ್ತೆ ಕೆಡಿಸಿ ಓಡಿಸಿ. ಟೆಸ್ಟ್ ಅದೇ ಸಂದೇಶದೊಂದಿಗೆ ಕೆಂಪಾಗಬೇಕು. ಆಗದಿದ್ದರೆ ನೀವು ಸರಿಪಡಿಸಿದ್ದು ಬೇರೆ ಏನನ್ನೋ, ಅಥವಾ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ‘ಅಸರ್ಟ್_ಈಕ್ವಲ್’ ಎಂದು ಬರೆಯಬೇಕಾದ ಕಡೆ ಬರೀ ‘ಅಸರ್ಟ್ 1475, ಒಟ್ಟು’ ಎಂದು ಬರೆದರೆ ಅದು ಎಂದೆಂದಿಗೂ ಪಾಸ್: 1475 ಎನ್ನುವುದು ಸತ್ಯವೆಂದೇ ಲೆಕ್ಕ, ‘ಒಟ್ಟು’ ಎನ್ನುವುದು ಫೇಲಾದರೆ ತೋರಿಸುವ ಸಂದೇಶವಾಗಿ ಹೋಗುತ್ತದೆ. ಒಂದೇ ಹೆಸರಿನ ಎರಡು ಟೆಸ್ಟ್ ಮೆಥಡ್ ಒಂದೇ ಕ್ಲಾಸ್‌ನಲ್ಲಿದ್ದರೆ ಮೊದಲನೆಯದನ್ನು ಎರಡನೆಯದು ಅಳಿಸಿಹಾಕುತ್ತದೆ; ‘ರೂಬಿ -ಡಬ್ಲ್ಯೂ’ ಎಂದು ಓಡಿಸಿದರೆ ಮೆಥಡ್ ರೀಡಿಫೈನ್ಡ್ ಎಂಬ ವಾರ್ನಿಂಗ್ ಬರುತ್ತದೆ. ಹೆಸರು ‘ಟೆಸ್ಟ್_’ ಎಂದು ಶುರುವಾಗದ ಮೆಥಡ್ ಓಡುವುದೇ ಇಲ್ಲ. ಕೊನೆಯ ಸಾಲಿನಲ್ಲಿ ಎಷ್ಟು ರನ್, ಎಷ್ಟು ಅಸರ್ಷನ್ ಎಂಬ ಲೆಕ್ಕ ನಿನ್ನೆಗಿಂತ ಕಡಿಮೆಯಾಗಿಲ್ಲವಷ್ಟೇ ಎಂದು ನೋಡಿ.

ಕಮಿಟ್ ಮಾಡುವ ಮೊದಲು ‘ಗಿಟ್ ಡಿಫ್’ ತೆರೆದು ‘ಪಿ’, ‘ಬೈಂಡಿಂಗ್.ಐಆರ್‌ಬಿ’, ‘ಡಿಬಗರ್’ ಸಾಲುಗಳನ್ನೂ, ಬೇಕೆಂದೇ ಹಾಕಿದ್ದ ‘ರೇಸ್’ ಅನ್ನೂ ತೆಗೆಯಿರಿ.